ಮಡಚದ ಮೊಣಕೈ

ಆಸ್ಪತ್ರೆ, ಕಿಟಕಿ ಪಕ್ಕದ ಹಾಸಿಗೆ
೧೪ನೇ ತಾರೀಕು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತಾ? ಭಾವ ಇನ್ನೂ ತಮ್ಮ ಕೂದಲು ತಾವೇ ಕತ್ತರಿಸಿಕೊಳ್ಳುತ್ತಾರಾ? ಹಾಗಿದ್ದರೆ ಫೋಟೋ ಕಳಿಸಬೇಡ, ಈ ಕ್ಷೌರದವನ ಕಣ್ಣು ತಡೆಯುವುದಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರವನ್ನು ನಿಮ್ಮ ಕಡೆ ಬರುವ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೇನೆ. ಎಡಗೈ ಬರಹ, ಕಾಗೆ ಕಾಲು ಗುಬ್ಬಿ ಕಾಲು, ಬೈಯಬೇಡ.

ಬಲಗೈ ನೀನು ಹೋದಾಗ ಇದ್ದಂತೆಯೇ ಇದೆ. ಅರ್ಧಕ್ಕೆ ನಿಂತಿದೆ, ಚಾಚುವುದೂ ಇಲ್ಲ, ಮಡಚುವುದೂ ಇಲ್ಲ. ಗುರುವಾರ ಆಪರೇಷನ್. ಮೊಣಕೈ ಸುತ್ತ ಬೆಳೆದ ಬೇಡದ ಮೂಳೆಯನ್ನು ಕೆತ್ತಿ ತೆಗೆಯುತ್ತಾರಂತೆ. ಅದು ಬೆಳೆಯುವುದು ನಿಂತು ಬಲಿಯಲಿ ಎಂದು ಒಂದೂವರೆ ವರ್ಷ ಕಾಯಿಸಿದರು. ಈಗ ಒಂದು ನರ ಅದರೊಳಗೇ ಸಿಕ್ಕಿಕೊಂಡಿದೆ. ಅದಕ್ಕೆ ಪೆಟ್ಟಾದರೆ ಉಂಗುರದ ಬೆರಳು, ಕಿರುಬೆರಳು ಮರಗಟ್ಟಬಹುದು. ನಾನು ಕತ್ತರಿ ಹಿಡಿಯುವುದೇ ಆ ಬೆರಳುಗಳಲ್ಲಿ. ನನಗೆ ಭಯವಾಗುತ್ತಿದೆ ಅಕ್ಕಾ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತದೆ. ಬೆಳಗಿನಿಂದ ಹನ್ನೊಂದು ಸಲ ಕಾರಿಡಾರ್ ಸುತ್ತಿದೆ. "ನೆಲ ಸವೆಸಬೇಡಿ" ಅಂದರು ನರ್ಸಮ್ಮ. ಸಾಲದ್ದಕ್ಕೆ ನಮ್ಮ ಡಾಕ್ಟರ ಕಿವಿ ಪಕ್ಕದ ಕೂದಲು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಇವರೇ ನನ್ನ ಕೈ ಕುಯ್ಯುವವರು!

ಅಂಗಡಿ ಬೋರ್ಡು ಒರೆಸಲು ಏಣಿ ಹತ್ತಿ, ಬಿದ್ದು, ಮೂರು ತಿಂಗಳು ಎಚ್ಚರವಿಲ್ಲದೆ ಮಲಗಿದ್ದೆನಲ್ಲ, ಆಗ ಕೀಲು ಬಿಗಿಯದಂತೆ ಕೈ ಆಡಿಸಲು ಬಂದವರನ್ನೆಲ್ಲ ನೀನು "ನನ್ನ ತಮ್ಮ ನರಳ್ತಾನೆ, ನಾಳೆ ನೋಡೋಣ" ಎಂದು ವಾಪಸು ಕಳಿಸುತ್ತಿದ್ದೆಯಂತೆ. ಎದ್ದ ಮೇಲೆ ನಾನೇನಂದೆ? "ನಿನ್ನ ಮುದ್ದೇ ನನ್ನ ಕೈ ಕಟ್ಟಿಹಾಕಿತು" ಅಂದೆ. ನೀನು ಅಂದೇ ಬ್ಯಾಗು ತುಂಬಿಕೊಂಡು ಹೊರಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆ ಡಾಕ್ಟರನ್ನು ಕೇಳಿಯೇಬಿಟ್ಟೆ. ತಲೆಗೆ ಪೆಟ್ಟು ಬಿದ್ದು ಮಲಗಿದ ಕೆಲವರಿಗೆ ಹೀಗೆ ಮೂಳೆ ಬೆಳೆಯುತ್ತದೆ, ದಿನಾ ಕೈ ಆಡಿಸಿಕೊಂಡವರಿಗೂ ಆಗಿದೆ, "ನಿಮ್ಮಕ್ಕನ ಮೇಲೆ ಯಾಕೆ ಹಾಕ್ತೀರಿ?" ಅಂದರು. ತಪ್ಪು ನನ್ನ ನಾಲಿಗೆಯದು. ಕ್ಷಮಿಸು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮುತ್ತು.

ನಿನ್ನ ತಮ್ಮ,
ಕತ್ತರಿ

ತಾ.ಕ.: ಕಂಡಕ್ಟರು ಕಿಟಕಿ ಕೆಳಗೆ ಹಾರನ್ ಹೊಡೆಸುತ್ತಿದ್ದಾರೆ. ಆಪರೇಷನ್ ಆದ ಮರುದಿನದಿಂದಲೇ ಕೈ ಮಡಚಿ ಚಾಚಿಸಬೇಕು, ಇಲ್ಲದಿದ್ದರೆ ಮತ್ತೆ ಬಿಗಿಯುತ್ತದಂತೆ. ಹೇಳಿಕೊಟ್ಟಂತೆ ಮಾಡಿಸಲು ಮನೆಯವರು ಯಾರು ಎಂದು ಫಾರ್ಮಿನಲ್ಲಿ ಕೇಳಿದ್ದರು. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿದ್ದೇನೆ. ಶುಕ್ರವಾರ ಬೆಳಿಗ್ಗೆ ಬಾ. ನಾನು ನರಳುತ್ತೇನೆ, ಕಿರುಚುತ್ತೇನೆ. ಈ ಸಲ ನಾಳೆ ಅನ್ನಬೇಡ ಅಕ್ಕಾ.