ಮಡಿಲಲ್ಲಿರುವ ಕಾಯಿ ಮುಗಿಯುವವರೆಗೆ

ವೇದಿಕೆಯ ಮೇಲಿನ ಗಣ್ಯರೇ, ಎದುರಿಗೆ ಕುಳಿತ ಸಮಸ್ತ ಸೈನಿಕರ ಹೆಂಡಂದಿರೇ, ಹಾಗೂ ಗಂಧದ ಮಾಲೆ ಹಾಕಿಕೊಂಡು ಗೋಡೆಯ ಮೇಲೆ ಆಸೀನರಾಗಿರುವ ಸಭೆಯ ಅಧ್ಯಕ್ಷರೇ, ಅಂದರೆ ನಮ್ಮ ಅತ್ತಿಯವರೇ,

ಸಭೆಯಲ್ಲಿ ನಾವಿಬ್ಬರೇ ಇದ್ದೇವೆ. ವಿಷಯ: ಉಸಿರು. ಭಾಷಣ ನಿಮ್ಮ ಸೊಸೆಯದು, ಕನ್ನಡ ಮಾಧ್ಯಮದ ಬಿ.ಎ., ಪ್ರಾಸ ಸಿಕ್ಕರೆ ಊಟ ಬಿಡುವವಳು. ನಿಮ್ಮ ಮಗ ಈ ಸಲ ಗಡಿಗೆ ಹೋದ ಮೇಲೆ ಫೋನೂ ಇಲ್ಲ, ಟೋನೂ ಇಲ್ಲ. ಟಿವಿಯವರು ಮಾತ್ರ ಅಲ್ಲಿಯ ಗುಂಡುಗಳನ್ನು ಬ್ಯಾಡಗಿಯ ನಮ್ಮ ಪಡಸಾಲೆಯಲ್ಲೇ ಹಾರಿಸುತ್ತಿದ್ದಾರೆ. ಟಿವಿ ಆರಿಸಿ, ಮಡಿಲ ತುಂಬ ಮೆಣಸಿನಕಾಯಿ ಹಾಕಿಕೊಂಡು ಕೂತಿದ್ದೇನೆ.

ನೆನಪಿದೆಯೇ, ರಾಣೆಬೆನ್ನೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಕಾಯಿ ರಾಶಿಯ ಮುಂದೆ ತೊಟ್ಟು ಮುರಿಯಲು ಕೂತು ನಾನು ಕೆಮ್ಮಿದ್ದು? ಘಾಟಿಗೆ ಗಾಬರಿಯಾಗಿ ಗಾಳಿ ಎಳೆದುಕೊಂಡೆ; ಎಳೆದಷ್ಟೂ ಕೆಮ್ಮು. ನೀವು ತಲೆ ಎತ್ತದೆ ಅಂದಿರಿ: "ಹಂಗ್ಯಾಕ ಜಗ್ಗತೀ ತಂಗಿ, ಗಾಳಿ ಎಲ್ಲೂ ಓಡಿ ಹೋಗಂಗಿಲ್ಲ. ಒಂದು ತೊಟ್ಟು ಮುರಿಯೂತನಕ ತಗೋ, ಎರಡು ಮುರಿಯೂತನಕ ಬಿಡು. ಕೈಯಾಗಿನ ಕಾಯಿ ಅಷ್ಟ ನೋಡು."

"ರಾಶಿ ನೋಡಿದ್ರ ಏನಾಗತೈತ್ರಿ?"

"ಕೆಮ್ಮು ಬರತೈತಿ."

ಮೊನ್ನೆ ಹಾವೇರಿಯಲ್ಲಿ ಸೈನಿಕರ ಮನೆಯವರಿಗೆಂದು ಶಿಬಿರ ಇಟ್ಟಿದ್ದರು. ಒಬ್ಬ ಮೇಡಮ್ಮು ಕಣ್ಣು ಮುಚ್ಚಿಸಿ ಇದನ್ನೇ ಕಲಿಸಿದರು: ತಗೊಳ್ಳುವ ಉಸಿರಿಗಿಂತ ಬಿಡುವ ಉಸಿರು ಉದ್ದವಿರಲಿ, ಮನಸ್ಸು ಓಡಿದರೆ ಬೈಯದೆ ವಾಪಸು ಕರೆತನ್ನಿ. "ನಮ್ಮತ್ತಿ ಇದನ್ನ ಖಾರ ಹಚ್ಚಿ ಕಲಿಸ್ಯಾರ್ರಿ" ಅಂದೆ. ಪಾಪ, ಅರ್ಥವಾಗದಿದ್ದರೂ ನಕ್ಕರು. ಖರೇ ಹೇಳುತ್ತೇನೆ, ಅದು ಕೆಲಸ ಮಾಡುತ್ತದೆ. ಎದೆಯ ಬಡಿತ ಇಳಿಯುತ್ತದೆ. ಮನಸ್ಸು ಮಾತ್ರ ಗಡಿಯಿಂದ ವಾಪಸು ಬರಲು ರಜೆ ಕೇಳುತ್ತದೆ, ಮಂಜೂರಾಗುವುದಿಲ್ಲ...

ಮಾವನವರು ಮಿಲಿಟರಿಯಲ್ಲಿದ್ದ ಕಾಲದ ಕಥೆ ನೀವೇ ಹೇಳಿದ್ದು. ಅಂಚೆಯವನು ಬಾಗಿಲಲ್ಲಿ ನಿಂತು "ಯವ್ವಾ, ಪತ್ರ ಐತಿ" ಅಂದರೂ ನೀವು ಏಳುತ್ತಿರಲಿಲ್ಲ. ಮಡಿಲಲ್ಲಿರುವ ಕಾಯಿ ಮುಗಿಸಿಯೇ ಏಳುವುದು. ಎಂಥ ಗಟ್ಟಿ ಜೀವ ಎಂದುಕೊಂಡಿದ್ದೆ.

ಇವತ್ತು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕೈಯೆಲ್ಲ ಖಾರ, ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು. ತಿರುಗಿ ಹಚ್ಚಿದರೆ ಹತ್ತುತ್ತಿಲ್ಲ. ನಿಮ್ಮ ಮಗನೇ ಇರಬಹುದು. ಇಲ್ಲವೇ ಅವರ ಬಗ್ಗೆ ಏನೋ ಹೇಳಬೇಕಾದ ಬೇರೆ ಯಾರೋ...

ಪಕ್ಕದ ಮನೆ ಕಸ್ತೂರಿ ಅಂಗಳದ ಗೋಡೆಯಾಚೆಯಿಂದ ಇಣುಕಿದಳು. "ಏನ್ರಿ ವೈನಿ, ಉಸುರು ಎಣಸಾಕತ್ತೀರಲ್ಲ, ಯೋಗಾ ನಡಸೀರೇನು?"

"ಹೂಂನವಾ. ಹೊರಗ ಯೋಗಾ, ಒಳಗ ರೋಗಾ."

"ಅಣ್ಣಾರ ಫೋನ್ ಬಂತೇನ್ರಿ?"

"ಬಂದಂಗಾತು. ಕೈ ಖಾರ ಇತ್ತು, ಎತ್ತಾಕ ಆಗಲಿಲ್ಲ."

ಅವಳು ಒಳಗೆ ಹೋಗಿ ಮಜ್ಜಿಗೆ ತಂದು ಗೋಡೆಯ ಮೇಲಿಟ್ಟಳು. ಇನ್ನೂ ಕುಡಿದಿಲ್ಲ. ಒಂದು ತೊಟ್ಟು, ತಗೋ. ಎರಡು ತೊಟ್ಟು, ಬಿಡು. ಆದ್ದರಿಂದ ಸಭಿಕರೇ, ಉಸಿರಿದ್ದರೆ ಹೆಸರು, ಹೆಸರಿದ್ದರೆ...

ಸಭೆ ಸಾಕು, ಅತ್ತಿ. ಕೈ ಖಾರವಿರಲಿಲ್ಲ, ತಿರುಗಿ ಹಚ್ಚಿಯೂ ಇಲ್ಲ. ಕಾಯಿ ಸುರಿದುಕೊಂಡದ್ದು ಆಮೇಲೆ. ಫೋನು ನನ್ನ ಅಂಗೈಯಲ್ಲೇ ಬಾರಿಸುತ್ತಿತ್ತು, ನಿಲ್ಲುವ ತನಕ ನೋಡುತ್ತಾ ಕೂತಿದ್ದೆ. ಎತ್ತುವವರೆಗೆ ಅವರು ಬದುಕಿಯೇ ಇರುತ್ತಾರಲ್ಲ ಎನ್ನಿಸಿತು. ಅಂಚೆಯವನು ಬಂದಾಗ ನೀವೂ ಏಳದೆ ಕೂತದ್ದು ಇದಕ್ಕೇ ಅಲ್ಲವೇ? ಒಂದು ಸಲವಾದರೂ ಹೇಳಬಾರದಿತ್ತೇ, ನನಗೂ ಅಂಜಿಕೆ ಆಗತೈತಿ ತಂಗಿ ಅಂತ?

ಮತ್ತೆ ಬಾರಿಸಿದರೆ ಎತ್ತುತ್ತೇನೆ. ಮಡಿಲ ಕಾಯಿ ಪಡಸಾಲೆ ತುಂಬ ಚೆಲ್ಲಿದರೂ ಎದ್ದು ಎತ್ತುತ್ತೇನೆ.