ಯಾರಿಗೆ ಮಾಡ್ತಿದೀರಾ?

ಶ್ರೀರಾಂಪುರ
೧೬ ನವೆಂಬರ್ ೨೦೦೭

ಪ್ರೀತಿಯ ಅಮ್ಮನಿಗೆ ಪ್ರಿಯಂವದಾ ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ಅಪ್ಪ ಎತ್ತಿ ಇಟ್ಟುಬಿಡುತ್ತಾರೆ, ಅದಕ್ಕೇ ಈ ಕಾಗದ. ನಾನು ಶ್ರೀಧರ್‌ನನ್ನು ಮದುವೆಯಾಗಿ ಬಂದ ಮೇಲೆ ನೀನೂ ಮಾತು ಬಿಟ್ಟೆ. ನಾನೂ ಹಟ ಹಿಡಿದು ಕೂತೆ, ನಿನ್ನ ಮಗಳಲ್ಲವೇ.

ಕಂಪ್ಯೂಟರಿನ ಚಾಟ್‌ನಲ್ಲಿ ಅಡುಗೆ ಹೇಳಿಕೊಡುವ ಒಂದು ಯಂತ್ರ ಕಟ್ಟಿದ್ದೇನೆ. ಯಂತ್ರವೆಂದರೆ ರುಬ್ಬುವ ಗ್ರೈಂಡರ್ ಅಂದುಕೊಳ್ಳಬೇಡ, ಬರೀ ಪ್ರೋಗ್ರಾಂ. ಇಂಗ್ಲಿಷ್ ಅಕ್ಷರದಲ್ಲಿ ಹುಳಿ ಎಂದು ಹೊಡೆದರೆ ಸಾಕು, ಮಾಡುವ ಬಗೆ ಹೇಳುತ್ತದೆ. ಆ ಒಂದು ಹುಳಿಯನ್ನೇ ಜನ ಹತ್ತು ಥರ ಬರೆಯುತ್ತಾರೆ. ಎಲ್ಲವನ್ನೂ ಅದಕ್ಕೆ ಕಲಿಸುವಷ್ಟರಲ್ಲಿ ಸಾಕುಸಾಕಾಯಿತು. ಉತ್ತರಗಳು ಮಾತ್ರ ನಿನ್ನವೇ. ನೆಂಟರೆಲ್ಲ ಬಸವನಗುಡಿ ಮನೆಗೆ ಫೋನ್ ಮಾಡಿ ನಿನ್ನನ್ನು ಕೇಳುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದು.

ಜನ ಕೇಳುವುದೆಲ್ಲ ನನ್ನ ಪರದೆಯಲ್ಲೂ ಕಾಣುತ್ತದೆ. ಮೊನ್ನೆ ಯಾರೋ ಮೆಂತ್ಯದ ಹಿಟ್ಟು ಹೇಗೆ ಮಾಡುವುದು ಎಂದು ಕೇಳಿದರು. ಹೆಸರು ನೋಡಿದರೆ ನಿನ್ನದೇ, ರಂಗನಾಯಕಿ ವರದರಾಜ. ತಮ್ಮ ವಂಶಿ ನಿನ್ನನ್ನು ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದನೇ? ಹೆಸರು ಮುಚ್ಚಿಡಬೇಕೆಂದು ನಿಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡು. ಇಡೀ ಬಳಗಕ್ಕೆ ಮೆಂತ್ಯದ ಹಿಟ್ಟು ಕಲಿಸಿದವಳು ಯಂತ್ರವನ್ನು ಕೇಳುತ್ತಿದ್ದೀಯಲ್ಲ ಎಂದು ನನಗೆ ನಗು ಬಂತು.

ತಿನ್ನುವವರು ಯಾರು ಎಂದು ವಿಚಾರಿಸದೆ ನೀನು ಯಾವತ್ತೂ ಅಡುಗೆ ಹೇಳಿದವಳಲ್ಲ. ಅದೂ ಹಾಗೇ ಕೇಳಿತು, "ಯಾರಿಗೆ ಮಾಡ್ತಿದೀರಾ?" ನಿನ್ನ ಉತ್ತರ ಬಂತು: "ಮಗಳಿಗೆ. ಏಳು ತಿಂಗಳು. ಹೂ ಮುಡಿಸೋಕೆ ನಾನು ಹೋಗ್ಬಹುದಾ?" ನಿಮ್ಮ ಪಕ್ಕದ ಮನೆ ಶೈಲಜಮ್ಮ ಮಾರ್ಕೆಟ್ಟಿನಲ್ಲಿ ನನ್ನ ಹೊಟ್ಟೆ ನೋಡಿ ಬಂದು ಹೇಳಿರಬೇಕು.

ಅದಕ್ಕೆ ಯಂತ್ರ, "ಕ್ಷಮಿಸಿ, ಬೇರೆ ಏನಾದರೂ ಕೇಳಿ" ಎಂದಿತು. ಗೊತ್ತಿಲ್ಲದ್ದಕ್ಕೆಲ್ಲ ಹಾಗೆ ಹೇಳು ಎಂದು ನಾನೇ ಅದಕ್ಕೆ ಕಲಿಸಿದ್ದೆ. ನಾನು ಕಣ್ಣೊರೆಸಿಕೊಂಡು ಕೀಲಿಮಣೆಗೆ ಕೈ ಹಾಕುವಷ್ಟರಲ್ಲಿ ನಿನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋಗಿತ್ತು. ಆಮೇಲೆ ನೀನು ಬರಲೇ ಇಲ್ಲ.

ಅಮ್ಮಾ, ಅದು ನನ್ನ ಮಾತಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಬಂದುಬಿಡು. ಅಪ್ಪ ಬರದಿದ್ದರೆ ವಂಶಿಯ ಜೊತೆ ಆಟೋದಲ್ಲಿ ಬಾ. ನಮ್ಮತ್ತೆ ಅಂಜಿನಮ್ಮ ಆಗಲೇ ಹೇಳಿದ್ದಾರೆ: "ಮೊದ್ಲು ನಿಮ್ಮಮ್ಮ ಮುಡಿಸ್ಲಿ. ಎಷ್ಟೊತ್ತಾದ್ರೂ ಕಾಯ್ತೀವಿ."

ಮೆಂತ್ಯದ ಹಿಟ್ಟು ತರುವುದನ್ನು ಮರೆಯಬೇಡ.

ನಿನ್ನ
ಪ್ರಿಯಂವದಾ

ತಾ.ಕ.: ಎದುರು ಪ್ರಶ್ನೆ ಕೇಳಲು ಆ ಯಂತ್ರಕ್ಕೆ ಬರುವುದೇ ಇಲ್ಲ. ಅದರ ಹೆಸರಿನಲ್ಲಿ ಯಾರಿಗೆ ಎಂದು ಹೊಡೆದು ಕೇಳಿದ್ದು ನಾನು.