ಎದುರು ಸಾಲಿನ ಚೌಡಮ್ಮ

ಸಾಗರ, ಇಕ್ಕೇರಿ ರಸ್ತೆ ಕೂಡುವಲ್ಲಿ
ಬುಧವಾರ, ೧೦-೧೧-೧೯೬೫

ಎದುರು ಸಾಲಿನ ಹೋಟೆಲಿನ ಮಾಲೀಕರೂ ಚೌಡಮ್ಮನ ಪರಮಭಕ್ತರೂ ಆದ ಶ್ರೀಮಾನ್ ವಾಸಪ್ಪನವರಿಗೆ, ಈಚೆ ಸಾಲಿನ ಸೈಕಲ್ ಶಾಪಿನ ಜಟ್ಟಪ್ಪನ ನಮಸ್ಕಾರಗಳು.

ಬಹುವಚನ ಇಲ್ಲಿಗೆ ಸಾಕು. ನೀನು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಈ ಸಾಲು ಬರೆಯುವಾಗಲೇ ನೀನು ಗಲ್ಲಾದ ಮೇಲೆ ಮೊಣಕೈ ಊರಿ ಆಕಳಿಸಿದ್ದು ನನಗೆ ಕಂಡಿತು. ಹಲ್ಲುಗಳೆಲ್ಲ ಗಟ್ಟಿಯಾಗಿವೆ, ಸಂತೋಷ. ನನ್ನ ಕ್ಷೇಮವೂ ನಿನಗೆ ಕಾಣುತ್ತಿರಬೇಕು. ಆದರೆ ನಾನು ತಲೆ ಎತ್ತಿದ ಕೂಡಲೇ ನೀನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕಲು ಶುರುಮಾಡುತ್ತೀಯಲ್ಲ, ಹಾಗಾಗಿ ಖಾತ್ರಿಯಿಲ್ಲ.

ರಸ್ತೆ ದಾಟಿದರೆ ಸಿಗುವ ಮನುಷ್ಯನಿಗೆ ಇನ್‌ಲ್ಯಾಂಡ್ ಲೆಟರ್ ಯಾಕೆ ಎಂದು ಅಂಚೆಯ ಧರ್ಮಪ್ಪ ನಿನ್ನನ್ನು ಕೇಳಿಯೇ ಕೇಳುತ್ತಾನೆ. ನಿನ್ನ ಹೊಸ್ತಿಲು ತುಳಿಯುವುದಿಲ್ಲವೆಂದು ನಾನು ಆಣೆ ಹಾಕಿಕೊಂಡಿದ್ದೇನೆ. ಇಲ್ಲಿಂದಲೇ ಕೂಗಿ ಹೇಳೋಣವೆಂದರೆ ಹೊಸನಗರದ ಬಸ್ಸು ಕಾಯುವವರೆಲ್ಲ ಕೇಳಿಸಿಕೊಳ್ಳುತ್ತಾರೆ, ಮತ್ತು ಈ ವಿಷಯ ಅವರು ಕೇಳಿಸಿಕೊಳ್ಳುವಂಥದ್ದಲ್ಲ. ಆದ್ದರಿಂದ ನಮ್ಮಿಬ್ಬರ ನಡುವೆ ಈಗ ಭಾರತ ಸರ್ಕಾರ ಓಡಾಡಬೇಕಾಗಿದೆ.

ಜಂಕ್ಷನ್ನಿನ ನಕ್ಷೆ ಬಂದ ದಿನ ನೆನಪು ಮಾಡಿಕೊ. ಬಸ್ಸುಗಳು ತಿರುಗಲು ಒದ್ದಾಡುತ್ತವಂತೆ, ಅದಕ್ಕೆ ರಸ್ತೆ ಅಗಲ ಮಾಡಿ, ನಡುವೆ ಒಂದು ದುಂಡನೆಯ ಸರ್ಕಲ್ ಕಟ್ಟಿ, ಎರಡೂ ಸಾಲಿನ ಅಂಗಡಿಗಳ ಮುಂಭಾಗವನ್ನು ಸಮನಾಗಿ ಕತ್ತರಿಸುತ್ತಾರಂತೆ. ನನ್ನದು ಅರ್ಧ, ನಿನ್ನದು ಅರ್ಧ. ಆಕ್ಷೇಪಣೆ ಇದ್ದವರು ಬರೆದುಕೊಡಿ ಎಂದರು. ನಮ್ಮ ಸಾಗರದಲ್ಲಿ ಆಕ್ಷೇಪಣೆಗೆ ಬರವೇ? ಬಸ್ಸು ಸಲೀಸಾಗಿ ತಿರುಗಿದರೆ ಜನ ಇಳಿದು ಕಾಫಿ ಕುಡಿಯುವುದಿಲ್ಲ ಎಂಬುದು ನಿನ್ನ ಆಕ್ಷೇಪಣೆ. ರಸ್ತೆ ನುಣ್ಣಗಾದರೆ ಪಂಕ್ಚರ್ ಆಗುವುದಿಲ್ಲ ಎಂಬುದು ನನ್ನದು. ಎರಡನ್ನೂ ಬರೆಯುವ ಹಾಗಿಲ್ಲದ್ದರಿಂದ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಎಂಜಿನಿಯರ್ ಸಾಹೇಬರು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಮಡಿಸಿದ ಚೆಂದ ನೋಡಿಯೇ ನನಗೆ ಅರ್ಥವಾಯಿತು, ಅದು ಇನ್ನು ಬಿಚ್ಚುವ ಕಾಗದವಲ್ಲ ಎಂದು.

ಆಗ ನಿನ್ನ ತಲೆಗೆ ಹೊಳೆಯಿತು ಕಲ್ಲು.

ಸರ್ಕಾರ ಮೈಲಿ ಬಿಟ್ಟು ಕಿಲೋಮೀಟರು ಹಿಡಿದ ಮೇಲೆ ಹಳೆಯ ಮೈಲುಗಲ್ಲುಗಳನ್ನು ಕಿತ್ತು ಚರಂಡಿಗೆ ಉರುಳಿಸಿದ್ದರಲ್ಲ, ಅದರಲ್ಲೊಂದನ್ನು ಬೆಳಗಿನ ಮಂಜಿನಲ್ಲಿ ನನ್ನ ತಳ್ಳುಗಾಡಿಯಲ್ಲಿ ಗೋಣಿ ಮುಚ್ಚಿ ತಂದೆವು. ನನ್ನ ಸಾಲಿನಲ್ಲಿ ಹೂಳೋಣ ಎಂದೆ ನಾನು. ನೀನು ಮುಖ ಕಿವುಚಿದೆ. “ಎಂತ ಮಾತಾಡ್ತೀಯ ಮಾರಾಯ, ನಿನ್ ಕಡೆ ಚರಂಡಿ ಹರೀತದೆ. ತಾಯೀನ ಚರಂಡೀಲಿ ಕೂರ್ಸೋಕಾಗ್ತದಾ?” ಎಂದೆ. ನ್ಯಾಯವಾದ ಮಾತು. ಒಂದು ಗಂಟೆಯ ಹಿಂದೆ ಅವಳು ಚರಂಡಿಯಲ್ಲೇ ಮಲಗಿದ್ದಳೆಂಬುದು ನನಗೆ ಹೊಳೆಯಲಿಲ್ಲ. ‘ಶಿವಮೊಗ್ಗೆ ೪೪’ ಎಂದು ಕೆತ್ತಿದ್ದ ಮುಖವನ್ನು ನಿನ್ನ ಹೋಟೆಲಿನ ಗೋಡೆಗೆ ಒತ್ತಿ, ಬೋಳು ಬೆನ್ನನ್ನು ಊರಿನ ಕಡೆ ಮಾಡಿ, ಅರಿಶಿನ ಕುಂಕುಮ ಬಳಿದು ಚೌಡಮ್ಮ ಎಂದು ಹೆಸರಿಟ್ಟೆವು.

ಆಮೇಲೆ ನಾವೇನೂ ಮಾಡಬೇಕಾಗಲಿಲ್ಲ. ವಾರ ಕಳೆಯುವುದರೊಳಗೆ ಬಳೆ ಬಂತು, ದಾಸವಾಳ ಬಂತು. ಬೆಳ್ಳಮ್ಮಜ್ಜಿಯಂತೂ ಕೋಲೂರಿ ನಿಂತು, “ನಾ ಮದುವ್ಯಾಗಿ ಬಂದಾಗ್ಲೂ ಈ ತಾಯಿ ಇಲ್ಲೇ ಇದ್ಲು, ನೀವು ಈಗಿನ ಹುಡುಗ್ರು ಕಂಡಿಲ್ಲ ಅಷ್ಟೆ” ಎಂದು ನಮ್ಮಿಬ್ಬರನ್ನೇ ಗದರಿಸಿದಳು. ತಂದು ಹೂತವರು ನಾವೇ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬಂತು.

ಸಾಹೇಬರು ವಿಚಾರಣೆಗೆ ಬಂದರು. ತಮ್ಮದೇ ಇಲಾಖೆಯ ಮೈಲುಗಲ್ಲಿನ ಮುಂದೆ ಬೂಟು ಕಳಚಿಟ್ಟು ಕೈಮುಗಿದರು. ನಾನು ನಗು ತಡೆಯಲು ಬಾಯೊಳಗೆ ಸೈಕಲ್ಲಿನ ವಾಲ್‌ಟ್ಯೂಬು ಕಚ್ಚಿಕೊಂಡಿದ್ದೆ. ನೀನು ಓಡಿ ಬಂದು ನನ್ನ ರಟ್ಟೆ ಹಿಡಿದೆ. “ನಾ ಹೇಳಿದ್ರೆ ಅವ್ರು ನಂಬೂದಿಲ್ಲ, ನನ್ ಹೋಟ್ಲು ಅಂತಾರೆ. ಆಚೆ ಸಾಲಿನವ ನೀ ಹೇಳು. ದೇವ್ರಿದೆ ಅಂತಾದ್ರೆ ರಸ್ತೇನೇ ನಿಂತೋಗ್ತದೆ, ಇಬ್ರೂ ಬಚಾವು” ಎಂದೆ. ನನ್ನ ಕೈಯೆಲ್ಲ ಗ್ರೀಸು. ದೇವರನ್ನು ಮುಟ್ಟುವ ಕೈ ಚೊಕ್ಕವಾಗಿರಬೇಕೆಂದು ನಿನ್ನ ಹೆಗಲ ಟವೆಲಿನಲ್ಲಿ ನೀನೇ ಒರೆಸಿದೆ, ಒಂದೊಂದೇ ಬೆರಳು. ಒರೆಸಿದ ಆ ಕೈಯನ್ನು ಕಲ್ಲಿನ ಮೇಲಿಟ್ಟು ನಾನು, ನಮ್ಮ ಅಜ್ಜನ ಕಾಲದಿಂದಲೂ ನಡೆದುಕೊಂಡು ಬಂದಿದ್ದೇವೆ ಸ್ವಾಮಿ ಎಂದೆ. ಕುಂಕುಮ ಅಂಗೈಗೆ ಹತ್ತಿತು. ಎರಡು ದಿನ ಹೋಗಲಿಲ್ಲ.

ಈಗ ಹೊಸ ನಕ್ಷೆ ಬಂದಿದೆ. ದೇವರಿಗೆ ಮರ್ಯಾದೆ ಕೊಟ್ಟು ನಿನ್ನ ಸಾಲನ್ನು ಮುಟ್ಟುವುದಿಲ್ಲವಂತೆ. ಬೇಕಾದ ಅಗಲವನ್ನೆಲ್ಲ ಈಚೆ ಸಾಲಿನಿಂದಲೇ ತೆಗೆಯುತ್ತಾರಂತೆ. ಅರ್ಧ ಅಂಗಡಿಯಲ್ಲಾದರೂ ಬದುಕುತ್ತಿದ್ದೆ ವಾಸಪ್ಪ. ಸೈಕಲ್ಲನ್ನು ಮಳೆಯಲ್ಲಿ ನಿಲ್ಲಿಸಬಹುದು, ಪಂಪು ಹಿಡಿದು ನಿಲ್ಲಲು ಮೂರಡಿ ಜಾಗ ಸಾಕು. ಈಗ ಸಂಕ್ರಾಂತಿಯೊಳಗೆ ಪೂರ್ತಿ ಖಾಲಿ ಮಾಡಬೇಕು. ನಾನು ಕೂತು ಪತ್ರ ಬರೆಯುತ್ತಿರುವ ಈ ಜಾಗವೇ ಆ ದುಂಡನೆಯ ಸರ್ಕಲ್ಲು. ಮುಂದೊಂದು ದಿನ ಇಲ್ಲಿ ಹೂಗಿಡ ನೆಡುತ್ತಾರಂತೆ. ನೀರು ಹಾಕಿಸುವ ವ್ಯವಸ್ಥೆ ಮಾಡು.

ಇಷ್ಟಕ್ಕೇ ಆಗಿದ್ದರೆ ನಮ್ಮಿಬ್ಬರ ದಡ್ಡತನ ಎಂದು ನಿನ್ನ ಹೋಟೆಲಿಗೇ ಬಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ಸೋಮವಾರ ಸಾಹೇಬರು ನನ್ನ ಅಂಗಡಿಯೊಳಗೆ ಟೇಪು ಹಿಡಿಸಿದರು. ಅಳೆದು ಮುಗಿಸಿ, ಪಾಪದ ಮನುಷ್ಯ, ನನ್ನ ಬೆನ್ನು ತಟ್ಟಿದರು. “ನೀವು ದೊಡ್ಡ ಮನಸ್ಸಿನವರು ಜಟ್ಟಪ್ಪ. ಕಲ್ಲು ದೇವರದ್ದೇ ಅಂತಾದರೆ ರಸ್ತೆಯೆಲ್ಲ ನಿಮ್ಮ ಕಡೆಗೇ ಬರ್ತದೆ ಅಂತ ನಾನು ವಿಚಾರಣೆಗೆ ವಾರ ಮೊದಲೇ ಹೋಟೆಲಿನವರ ಹತ್ರ ನಿಮಗೆ ಹೇಳಿ ಕಳಿಸಿದ್ದೆ. ಅವರು ‘ಜಟ್ಟಪ್ಪನ್ನ ಕೇಳಿದೆ, ಒಪ್ಪಿದ್ದಾನೆ’ ಅಂದ್ರು. ಅಷ್ಟು ಗೊತ್ತಿದ್ದೂ ದೇವರ ಪರವಾಗಿ ಸಾಕ್ಷಿ ಹೇಳಿದ್ರಲ್ಲ!” ಎಂದರು.

ನಾನು ಹೌದು ಸ್ವಾಮಿ ಎಂದೆ. ಬೇರೇನು ಹೇಳಲಿ?

ನೀನು ಕೇಳಿದ್ದು ಯಾವಾಗ? ನನಗೆ ನೆನಪಿಲ್ಲ. ನಿನ್ನ ಹೋಟೆಲಿನ ಬೆಳಗಿನ ಮೊದಲ ಲೋಟ ಕಾಫಿ ನನ್ನದು. ನಿನ್ನ ಹೋಟೆಲು, ನನ್ನ ಅಂಗಡಿ ಒಂದೇ ಯುಗಾದಿಗೆ ಬಾಗಿಲು ತೆರೆದ ಲಾಗಾಯ್ತು ಹಾಗೇ ನಡೆದಿದೆ. ಆ ವಾರವೆಲ್ಲ ನೀನು ದಿನಾ ಲೋಟ ತಂದು ನನ್ನ ಎದುರಿಗಿಟ್ಟೆ. ಸಕ್ಕರೆ ಸಾಕಾ ಎಂದು ಕೇಳಿದೆ. ಸಕ್ಕರೆಯ ವಿಷಯ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಜಟ್ಟಪ್ಪ, ಒಬ್ನೇ ಉಳಿಯೋದು, ನಾ ಉಳೀತೀನಿ ಕಣಾ” ಎಂದು ನೇರ ಹೇಳಿದ್ದರೆ ನಿನ್ನ ಅಪ್ಪ ಅರಳಸುರಳಿಯಿಂದ ಹೊತ್ತು ತಂದ ಆ ಹಿತ್ತಾಳೆ ಬಾಯ್ಲರನ್ನೇ ಎತ್ತಿ ನಿನ್ನ ಮೇಲೆ ಹಾಕುತ್ತಿದ್ದೆ. ಆದರೂ ಅದು ಇಬ್ಬರು ಗಂಡಸರ ನಡುವಿನ ಜಗಳವಾಗುತ್ತಿತ್ತು. ನೀನು ನನ್ನ ಕೈ ಒರೆಸಿದೆಯಲ್ಲ, ಅದು ಯಾವ ಜಗಳಕ್ಕೂ ಸಿಗುವುದಿಲ್ಲ.

ನಿನ್ನೆ ನಾನು ಹಾರೆ ಹಿಡಿದುಕೊಂಡು ರಸ್ತೆಯ ನಡುವಿನವರೆಗೆ ಬಂದದ್ದನ್ನು ನೀನು ನೋಡಿದೆ. ಕ್ಯಾಲೆಂಡರ್ ಬಿಟ್ಟು ಎದ್ದೇ ನಿಂತೆ. ಒಂದು ಸಲ ಮೀಟಿದ್ದರೆ ಕಲ್ಲು ಈಚೆ ಮಗುಚಿ, ಚೌಡಮ್ಮನಿಂದ ಶಿವಮೊಗ್ಗೆಗೆ ಎಷ್ಟು ದೂರವೆಂದು ಊರಿಗೆಲ್ಲ ತಿಳಿಯುತ್ತಿತ್ತು. ಮೀಟಲಿಲ್ಲ, ತಿರುಗಿ ಹೋದೆ. ಹಳೆಯ ಸ್ನೇಹ ಅಡ್ಡ ಬಂತು ಎಂದು ನೀನು ಖುಷಿಪಟ್ಟಿದ್ದರೆ ಆ ಖುಷಿಯನ್ನು ವಾಪಸು ಮಾಡು. ಸುಳ್ಳು ಸಾಕ್ಷಿಗೆ ಜೈಲಂತೆ, ಅದಕ್ಕೆ ಹೆದರಿದೆ ಎಂದಿಟ್ಟುಕೊ. ಜೈಲಿನಲ್ಲಿ ನನ್ನ ಪಕ್ಕ ನಿನಗೂ ಒಂದು ಚಾಪೆ ಹಾಸುತ್ತಾರೆ. ಆ ಸಹವಾಸ ಬೇಡವೆನಿಸಿತು ಎಂದಿಟ್ಟುಕೊ.

ಕಾಗದ ಮುಗಿಯಿತು. ಉತ್ತರ ಬರೆಯಬೇಡ. ನಾಳೆಯಿಂದ ಮೊದಲ ಲೋಟವನ್ನು ಚೌಡಮ್ಮನಿಗೆ ಇಡು. ಅವಳಿಗೆ ಸಕ್ಕರೆ ಎಷ್ಟೆಂದು ನೀನೇ ಕೇಳಿಕೊ.

ಇಂತಿ,
ಸರ್ಕಲ್ಲಿನ ಮಧ್ಯದಿಂದ,
ಜಟ್ಟಪ್ಪ

ತಾ.ಕ.: ಅಂಟು ಹಚ್ಚುವ ಮಡಿಕೆಯಲ್ಲಿ ಬರೆಯುತ್ತಿದ್ದೇನೆ, ಹುಷಾರಾಗಿ ಬಿಡಿಸು. ನಿನ್ನೆ ನಾನು ಹಾರೆ ಹಿಡಿದು ಬಂದಾಗ ಕಲ್ಲಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದವಳು ನನ್ನ ಹೆಂಡತಿ ಕೆರಿಯಮ್ಮ. ನಾವು ಕಲ್ಲು ಹೂತ ವಾರದಿಂದಲೇ ಅಂಗಡಿ ಉಳಿಸು ತಾಯಿ ಎಂದು ಹರಕೆ ಹೊತ್ತಿದ್ದಾಳಂತೆ. ಈಗಲೂ, “ಸಂಕ್ರಾಂತಿಗೆ ಇನ್ನೂ ಟೈಮಿದೆ, ಅವ್ಳು ಕೈ ಬಿಡೂದಿಲ್ಲ ಕಾಣಿ” ಎಂದು ನನಗೇ ಧೈರ್ಯ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ. ನಾಡಿದ್ದು ಶುಕ್ರವಾರ ಕೊಡ ಹಿಡಿದು ಬರುತ್ತಾಳೆ. ನೀರು ನೀನೇ ಹೊಯ್ಯಿ, ಪ್ರಸಾದದ ಹೂವನ್ನು ಅವಳ ಕೈಗೆ ಕೊಡು. ಕಲ್ಲಿನ ಹಿಂದಕ್ಕೆ ಕೈ ಹಾಕಿ ತೊಳೆಯಲು ಮಾತ್ರ ಬಿಡಬೇಡ. ಅವಳಿಗೆ ಓದಲು ಬರುತ್ತದೆ.